ಎಸ್ತೆಬೆಸನ ವೂಫರು, ಹಿರಿಯರ ಕೈ

ಬಿಷ್ಕೆಕ್‌ನ ವಾಹನ ಬಜಾರಿನಲ್ಲಿ ನನ್ನದು ಕಾರಿನ ಸ್ಪೀಕರ್ ಅಂಗಡಿ. ಗಿರಾಕಿ ನಗುತ್ತಾ ಬಂದರೂ ಅಳುತ್ತಾ ಬಂದರೂ ನನಗೆ ವ್ಯಾಪಾರವೇ. ಆದರೆ ಎಸ್ತೆಬೆಸ್ ಸುಟ್ಟ ವೂಫರನ್ನು, ಅದೇ ಢಂಢಂ ಸದ್ದಿನ ದೊಡ್ಡ ಸ್ಪೀಕರನ್ನು, ಮಗುವಿನ ಹಾಗೆ ಎದೆಗವಚಿಕೊಂಡು ಎರಡನೇ ಸಲ ಬಂದಾಗ ನನಗೂ ಮುಜುಗರವಾಯಿತು. ಒಬ್ಬನಿಗೇ ಒಂದೇ ಸಾಮಾನನ್ನು ಮತ್ತೆ ಮತ್ತೆ ಮಾರಿದರೆ ಲಾಭ ಬರುತ್ತದೆ, ಹೆಸರು ಹೋಗುತ್ತದೆ.

ಎಸ್ತೆಬೆಸ್ ಮೊದಲು ಕಾರಾ-ಕೆಚೆಯ ಗಣಿಯಿಂದ ಕಲ್ಲಿದ್ದಲು ಲಾರಿ ಓಡಿಸುತ್ತಿದ್ದವನು. ಕೆಮ್ಮು ಹತ್ತಿದ ಮೇಲೆ ಅದನ್ನು ಬಿಟ್ಟು, ಬಲಗಡೆ ಸ್ಟಿಯರಿಂಗಿನ ಹಳೆಯ ಜಪಾನಿ ವ್ಯಾನೊಂದನ್ನು ಕೊಂಡ. ಹಿಂದಿನ ಸೀಟು ಕಿತ್ತು ಸ್ಪೀಕರು ತುಂಬಿದ. ಬೇಸಿಗೆಯಲ್ಲಿ ನಮ್ಮ ಜನ ಕುರಿ ಕುದುರೆ ಹೊಡೆದುಕೊಂಡು ಬೆಟ್ಟದ ಮೇಲಿನ ಹುಲ್ಲುಗಾವಲಿಗೆ ಹೋಗುತ್ತಾರೆ. ಅಲ್ಲಿ ಕರೆಂಟಿಲ್ಲ, ಔತಣಗಳಿಗೆ ಮಾತ್ರ ಬರವಿಲ್ಲ. ಎಸ್ತೆಬೆಸ್ ವ್ಯಾನಿನ ಹಿಂಬಾಗಿಲು ಎತ್ತಿದರೆ ಕುಣಿತ ಶುರು.

ಹೋದ ಬೇಸಿಗೆ ಒಂದು ಮದುವೆಯಲ್ಲಿ ಬೀಗರು ಕುಣಿಯುತ್ತಿರುವಾಗಲೇ ವೂಫರು ಸುಟ್ಟ ವಾಸನೆ ಬಿಟ್ಟು ಸುಮ್ಮನಾಯಿತು. ಬೀಗಿತ್ತಿ ಎತ್ತಿದ ಕಾಲು ಎತ್ತಿದಂತೆಯೇ ನಿಂತಳಂತೆ. ಅಂದಿನಿಂದ ಅವನು ‘ಮೂಗ ಎಸ್ತೆಬೆಸ್’. ನಮ್ಮಲ್ಲಿ ಅಡ್ಡಹೆಸರು ಅಂಟಿತೆಂದರೆ ಮೊಮ್ಮಕ್ಕಳ ತನಕ ಬಿಡುವುದಿಲ್ಲ. ಹೊಸ ವೂಫರು ಹಾಕಿಸಿಕೊಂಡ. ಈ ವಸಂತದಲ್ಲಿ ಅದೂ ಸುಟ್ಟುಹೋಯಿತು. ಈಗ ಅವನನ್ನು ಕರೆಯುವವರು ಹೆಂಡತಿಯ ಕಡೆಯವರು ಮಾತ್ರ: ನಡೆಯಲು ಕಲಿತ ಕೂಸಿನ ಕಾಲಿಗೆ ದಾರ ಕಟ್ಟಿ, ಮುಂದೆ ಎಡವದಿರಲೆಂದು ಅದನ್ನು ಕತ್ತರಿಸುವ ಔತಣ. ಅಲ್ಲೂ ವ್ಯಾನು ಮೂಗಾದರೆ ಮತ್ತೆ ಗಣಿ, ಮತ್ತೆ ಕೆಮ್ಮು.

“ಅಕ್ಕಾ, ಇದು ಎರಡು ಸಾವಿರ ವಾಟ್ ಅಂತ ಡಬ್ಬಿ ಮೇಲೇ ಇತ್ತು. ನನ್ನ ಆಂಪ್ಲಿಫೈಯರ್ ಬರೀ ಮುನ್ನೂರು. ಚಿಕ್ಕದು ದೊಡ್ಡದನ್ನ ಹೇಗೆ ಸುಡುತ್ತೆ? ನೀನು ಕೊಟ್ಟ ಮಾಲೇ ಸರಿ ಇಲ್ಲ.”

“ಡಬ್ಬಿ ಮೇಲೆ ಬರೆಯೋದು, ಗಂಡಿನ ಬಗ್ಗೆ ಗಂಡಿನ ಕಡೆಯೋರು ಹೇಳೋ ಮಾತು ಕಣೋ. ದಿನವಿಡೀ ತಡ್ಕೊಳ್ಳೋದು ಐನೂರೇ. ಇಲ್ಲಿ ನೋಡು, ಸಣ್ಣ ಅಕ್ಷರದಲ್ಲಿದೆ. ಅದಿರಲಿ, ಸದ್ದಿನ ಗುಂಡಿ ಎಷ್ಟಕ್ಕಿಟ್ಟಿದ್ದೆ?”

ಅವನು ಕಿವಿ ಕೆರೆದುಕೊಂಡ. “ನಾನು ಅರ್ಧಕ್ಕೇ ಇಟ್ಟಿದ್ದೆ. ಆಮೇಲೆ ಹಿರಿಯರು ಬಂದ್ರು.”

ನನಗೆ ಅರ್ಥವಾಯಿತು. ಔತಣದಲ್ಲಿ ಬಿಳಿಗಡ್ಡದವರೆಲ್ಲ ಒಬ್ಬೊಬ್ಬರಾಗಿ ವ್ಯಾನಿನ ಹತ್ತಿರ ಬಂದು, ಸಾಲದು ಎಂದು ಗುಂಡಿ ತಿರುಗಿಸುತ್ತಾರೆ. ಹಿರಿಯರ ಕೈ ಹಿಡಿದು ತಡೆಯುವವನು ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಗುಂಡಿ ಕೊನೆ ಮುಟ್ಟುತ್ತದೆ. ಬಡಪಾಯಿ ಮುನ್ನೂರು ವಾಟಿನದು ಶಕ್ತಿಮೀರಿ ಅರಚುತ್ತದೆ. ಅರಚುವ ಸದ್ದಿನ ಅಲೆಗಳ ತಲೆ ಚಪ್ಪಟೆಯಾಗುತ್ತದೆ, ವೂಫರಿನ ಸುರುಳಿ ಸರಿಯಾಗಿ ಆಡದೆ ಬರೀ ಬಿಸಿಯೇರುತ್ತದೆ. ಸುಟ್ಟದ್ದು ಬಲದಿಂದಲ್ಲ, ಬಲವಿಲ್ಲದ ಅರಚಾಟದಿಂದ.

“ಹಾಗಾದ್ರೆ ಗುಂಡಿ ಕಿತ್ತು ಬಚ್ಚಿಡ್ತೀನಿ.”

“ಬಚ್ಚಿಡು. ಹಿರಿಯರು ನಿನ್ನ ಕಿವಿನೇ ತಿರುಗಿಸ್ತಾರೆ.”

ಐನೂರು ತಡೆಯುವ ಹೊಸ ವೂಫರಿಗೆ ಆರುನೂರು ಕೊಡುವ ಆಂಪ್ಲಿಫೈಯರ್ ಆರಿಸಿದೆ, ಎರಡರ ಓಮ್, ಅಂದರೆ ವಿದ್ಯುತ್ತಿನ ತಡೆ, ಹೊಂದುತ್ತದೆಯೇ ಎಂದು ನೋಡಿಕೊಂಡು. ಎಸ್ತೆಬೆಸ್ ಅದನ್ನು ಎತ್ತಿ ತೂಕ ನೋಡಿದ.

“ಇಷ್ಟು ದೊಡ್ಡದಾ? ಇನ್ನೂ ಬೇಗ ಸುಡಲ್ವಾ?”

“ಗಟ್ಟಿ ಕುದುರೆ ನಡ್ಕೊಂಡೇ ಕಣಿವೆ ದಾಟುತ್ತೆ. ಬಡಕಲು ಓಡಿ ಸಾಯುತ್ತೆ. ಆದ್ರೆ ಗಟ್ಟಿ ಕುದುರೆಗೆ ಲಗಾಮು ಬೇಕು.”

ವ್ಯಾನಿನ ಮುಂಭಾಗದಲ್ಲಿದ್ದ ಸದ್ದಿನ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿಟ್ಟೆ. ಮೀಟರ್ ಹಿಡಿದು ಆಂಪ್ಲಿಫೈಯರಿನ ತಿರುಪನ್ನು ಐನೂರರೊಳಗೇ ನಿಲ್ಲಿಸಿದೆ. ಯಾರೂ ಮುಟ್ಟದಿರಲೆಂದು ತಿರುಪಿನ ಮೇಲೆ ನನ್ನ ಕೆಂಪು ಉಗುರುಬಣ್ಣ ಬಳಿದೆ.

“ಈಗ ಯಾವ ತಾತ ಬೇಕಾದ್ರೂ ತಿರುಗಿಸ್ಲಿ. ಗುಂಡಿ ಕೊನೆ ಮುಟ್ಟಿದ್ರೂ ಐನೂರು ದಾಟಲ್ಲ.”

“ಹಾಗಂತ ಇಲ್ಲಿ ಕೂತು ಹೇಳ್ಬೇಡ. ನೀನೂ ಬಾ. ಸುಟ್ರೆ ಬೈಸ್ಕೊಳ್ಳೋಕೆ ಇಬ್ಬರಿರ್ತೀವಿ.”

ಹೋದೆ. ಪುಗಸಟ್ಟೆ ಕುರಿಮಾಂಸ ಬೇಡವೆನ್ನುವವಳು ವ್ಯಾಪಾರಿಯೇ ಅಲ್ಲ.

ಸೂಸಾಮಿರ್ ಹುಲ್ಲುಗಾವಲಿನಲ್ಲಿ ಕೂಸಿನ ದಾರ ಕತ್ತರಿಸಿದರು, ಹಾಡು ಶುರುವಾಯಿತು. ಮೊದಲು ಬಂದವರು ಎಸ್ತೆಬೆಸನ ಹೆಂಡತಿಯ ದೊಡ್ಡಜ್ಜ ಮಾಂಬೆತಾಲಿ, ಕೈಯಲ್ಲಿ ಕುದುರೆ ಹಾಲಿನ ಬಟ್ಟಲು.

“ಏನೋ ಮೂಗ, ಒಳಗೆ ಸೊಳ್ಳೆ ಸಾಕಿದ್ದೀಯಾ?” ಎಂದು ಗುಂಡಿ ತಿರುಗಿಸಿದರು. ಅವರ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ಊಟಕ್ಕೆ ಮುಂಚೆಯೇ ಗುಂಡಿ ಕೊನೆ ಮುಟ್ಟಿತ್ತು. ಎಸ್ತೆಬೆಸ್ ಘಳಿಗೆಗೊಮ್ಮೆ ಹೋಗಿ ವೂಫರಿನ ಮುಂದೆ ಮೂಗೊಡ್ಡಿ ವಾಸನೆ ನೋಡುತ್ತಿದ್ದ. ಧೈರ್ಯ ಹೇಳಿದ್ದ ನಾನೂ ಮಾಂಸದ ತಟ್ಟೆ ಬಿಟ್ಟೆದ್ದು ಅವನ ಹಿಂದೆಯೇ ಹೋಗಿ ಮೂಸಿದೆ.

ಹಾಡಿನ ಮೇಲೆ ಹಾಡು ಬಂತು. ಹೆಂಗಸರು ಕುಣಿದು ದಣಿದರು, ಗಂಡಸರು ಕುಣಿತಕ್ಕಿಳಿದರು. ಮಾಂಬೆತಾಲಿ ತಾತ ಮತ್ತೆ ಬಂದು ತಿರುಗಿಸಿದರು. ಗುಂಡಿ ಅಲುಗಲಿಲ್ಲ.

“ಇಷ್ಟೇನಾ?”

“ಇಷ್ಟೇ ತಾತ. ಕೊನೆಗೆ ಬಂದುಬಿಟ್ಟಿದೆ.”

ಮುದುಕರು ವ್ಯಾನಿನ ಮೈಮೇಲೆ ಅಂಗೈ ಇಟ್ಟರು. ತಗಡು ಕುದುರೆಯ ಪಕ್ಕೆಯಂತೆ ಅದುರುತ್ತಿತ್ತು. “ಸಾಕು ಅಂತ ನಾನು ಹೇಳಲ್ಲ. ಆದ್ರೆ ಇದು ಸುಸ್ತೇ ಆಗ್ತಿಲ್ವಲ್ಲೋ! ಚಳಿಗಾಲಕ್ಕೆ ಮುಂಚೆ ಮೊಮ್ಮಗಳ ಮದುವೆ ಇದೆ, ನೀನೇ ಬಾ. ಇಂಥದ್ದು ಇನ್ನೊಂದು ಹಾಕಿಸ್ಕೊಂಡು ಬಾ.”

ಎಸ್ತೆಬೆಸ್ ನನ್ನ ಕಡೆ ನೋಡಿದ.

“ಇನ್ನೊಂದು ವೂಫರ್ ಅಂದ್ರೆ ಆಂಪ್ಲಿಫೈಯರೂ ಬದಲಾಗ್ಬೇಕು, ಬ್ಯಾಟರಿನೂ ಬದಲಾಗ್ಬೇಕು ತಾತ,” ಎಂದೆ.

“ನೀನು ಅಂಗಡಿಯವಳು ತಾನೇ? ಬೇರೇನು ಹೇಳ್ತೀಯ!” ಎಂದು ನಕ್ಕು, ಮುದುಕರು ಅಭ್ಯಾಸಬಲದಿಂದ ಮತ್ತೆ ಗುಂಡಿಗೆ ಕೈ ಹಾಕಿದರು. ಎಸ್ತೆಬೆಸ್ ಪಕ್ಕಕ್ಕೆ ಸರಿದು ಜಾಗ ಬಿಟ್ಟ.