ಮನೆ ಒಂದೇ, ಕಣ್ಣು ನಾಲ್ಕು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕೋರ್ಟಿನ ಎದುರು ಕಟ್ಟಡದ ಮೆಟ್ಟಿಲ ಕೆಳಗೆ, ಒಂದು ಚಾಪೆ ಹಾಸುವಷ್ಟು ಜಾಗದಲ್ಲಿ, ಮಹಿಳೆಯೊಬ್ಬರು ಪ್ರಿಂಟರಿನ ಹೊಟ್ಟೆಗೆ ಕೈಹಾಕಿ ಸಿಕ್ಕಿಕೊಂಡ ಹಾಳೆ ಎಳೆಯುತ್ತಿದ್ದಾರೆ. ಬಯ್ಯುತ್ತಲೂ ಇದ್ದಾರೆ, ಮಕ್ಕಳನ್ನು ಬಯ್ಯುವ ಹಾಗೆ. ಜನ ಪ್ರಮಾಣ ಮಾಡಿ ಕೋರ್ಟಿಗೆ ಹೇಳುವ ಮಾತನ್ನು ಅಫಿಡವಿಟ್ ಆಗಿ ಟೈಪ್ ಮಾಡಿಕೊಡುವುದು ಇವರ ಕೆಲಸ. ವಕೀಲರ ಗುಮಾಸ್ತರ ಬಾಯಲ್ಲಿ ಇವರು ‘ತಡೀರಿ ಅಕ್ಕ’. ಸಹಿಗೆ ಪೆನ್ನೆತ್ತಿದವರನ್ನೆಲ್ಲ ತಡೆದು, ಟೈಪಾದದ್ದನ್ನು ಗಟ್ಟಿಯಾಗಿ ಓದಿ, ಸಾಲು ಸಾಲಿಗೂ ಕೇಳುತ್ತಾರೆ: “ಇದು ನೀವೇ ಕಂಡಿದ್ದಾ, ಯಾರಾದ್ರೂ ಹೇಳಿದ್ದಾ?”

ಇವರ ದೊಡ್ಡಪ್ಪ ಗೆಳೆಯನೊಬ್ಬನ ಮಾತಿಗೆ ಕಟ್ಟುಬಿದ್ದು, ನೋಡದ ಜಗಳವನ್ನು ನೋಡಿದೆನೆಂದು ಸಹಿ ಹಾಕಿದ್ದರು. ಸುಳ್ಳು ಪ್ರಮಾಣವೇ ಒಂದು ಅಪರಾಧ ಎಂಬುದು ಮನೆಯವರಿಗೆ ಗೊತ್ತಾದದ್ದು ಅವರು ಜೈಲಿಗೆ ಹೋದ ಮೇಲೆ. “ಸಹಿಗೆ ಮುಂಚೆ ಓದಿ ಕೇಳೋರು ಒಬ್ಬರಿದ್ದಿದ್ರೆ ಸಾಕಿತ್ತು,” ಎನ್ನುತ್ತಾರೆ ಅಕ್ಕ. ಇವರು ಒಬ್ಬರನ್ನು ಕಳಿಸುವಷ್ಟರಲ್ಲಿ ಪಕ್ಕದ ಮೇಜಿನವರು ಮೂವರನ್ನು ಮುಗಿಸುತ್ತಾರೆ. ನೀನು ಕೂತಿರುವುದು ಟೈಪಿಗೋ ವಿಚಾರಣೆಗೋ ಎಂದು ಅತ್ತೆ ದಿನಾ ಕಿಚಾಯಿಸುತ್ತಾರಂತೆ.

ಬಿಸಿಲೇರಿದ ಮೇಲೆ ಇವತ್ತು ಮೊದಲು ಬಂದವರು ಒಬ್ಬ ಗಾರೆ ಕೆಲಸದವರು ಮತ್ತು ಅವರ ತಂಗಿ. ತಂಗಿಯ ಗಂಡ ಜೈಲಿನಲ್ಲಿದ್ದಾನೆ. ರಾತ್ರಿ ಅಂಗಡಿಯೊಂದರ ಬೀಗ ಒಡೆದ ಆರೋಪ. ಆ ರಾತ್ರಿಯೆಲ್ಲ ಅವನು ಇದ್ದದ್ದು ಈ ಅಣ್ಣನ ಮನೆಯಲ್ಲಿ. ಅಣ್ಣ ಹಾಗೆಂದು ಪ್ರಮಾಣ ಮಾಡಬೇಕು. ಜಾಮೀನಿನ ವಿಚಾರಣೆ ಕೋರ್ಟು ಕೂತ ಕೂಡಲೇ.

ಟೈಪಾಯಿತು. ‘ತಂಗಿಯ ಗಂಡ ನಮ್ಮ ಮನೆಗೆ ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ’ ಎಂಬಲ್ಲಿಗೆ ಬಂದಾಗ ಅಕ್ಕನ ಪ್ರಶ್ನೆ ಎದ್ದಿತು. ಗಾರೆಯವರು ಕತ್ತು ಕೆರೆದುಕೊಂಡರು. ಆ ಹೊತ್ತಿಗೆ ಅವರು ಗೊರಕೆ ಹೊಡೆಯುತ್ತಿದ್ದರಂತೆ. ಬಾಗಿಲು ತೆಗೆದದ್ದು ಹೆಂಡತಿ. ಅವಳನ್ನೇಕೆ ಕೋರ್ಟು ಕಟ್ಟೆ ಹತ್ತಿಸುವುದೆಂದು ತಾವೇ ಬಂದಿದ್ದಾರೆ.

“ಅವಳು ನೋಡಿದ್ರೇನು, ನಾನು ನೋಡಿದ್ರೇನು? ಒಂದೇ ಮನೆ ಅಲ್ವಾ?”

“ಮನೆ ಒಂದೇ ಯಜಮಾನ್ರೇ, ಕಣ್ಣು ನಾಲ್ಕು.”

ತಂಗಿ ಮೇಜಿನ ಕಡೆಗೆ ಬಾಗಿದಳು. “ನಡೆದಿದ್ದು ನಿಜಾನೇ ಅಲ್ವಾ ಅಕ್ಕಾ?”

“ನಿಜಾನೇ ಕಣಮ್ಮಾ. ಆದ್ರೆ ಇವರು ಕಂಡೆ ಅನ್ನೋದು ಸುಳ್ಳು. ಕೋರ್ಟಲ್ಲಿ ಎರಡು ಪ್ರಶ್ನೆ ಬಿದ್ರೆ ಇವರು ನಿನ್ನ ಮುಖ ನೋಡ್ತಾರೆ. ಆಮೇಲೆ ನಿನ್ನ ಗಂಡನ ನಿಜಾನೂ ಯಾರೂ ನಂಬಲ್ಲ. ಅಣ್ಣನೂ ಒಳಗೆ ಹೋಗ್ತಾರೆ.”

ತಂಗಿ ಚಪ್ಪಲಿ ಮೆಟ್ಟಿದ್ದೇ ತಡ, ಅತ್ತಿಗೆಯನ್ನು ಕರೆತರಲು ಓಡಿದಳು. ಕೋರ್ಟಿನ ಗೇಟು ತೆರೆಯುತ್ತದೆ. ಕರಿಕೋಟುಗಳು ಒಳಗೆ ನುಗ್ಗುತ್ತವೆ. ಗಾರೆಯವರು ರಸ್ತೆಯ ಕಡೆಗೊಮ್ಮೆ, ಗಡಿಯಾರದ ಕಡೆಗೊಮ್ಮೆ ಕತ್ತು ತಿರುಗಿಸುತ್ತಾರೆ. ಅಕ್ಕ ಹೊಸ ಅಫಿಡವಿಟ್ ಶುರುಮಾಡಿ, ಬೆರಳುಗಳನ್ನು ಕೀಲಿಗಳ ಮೇಲಿಟ್ಟು ಕಾಯುತ್ತಾರೆ. ಅಗೋ, ಆಟೋ!

ಹೊಲಿಗೆ ಅಂಗಡಿಯಿಂದ ಎದ್ದು ಬಂದ ಅತ್ತಿಗೆಯ ಕೊರಳಲ್ಲಿ ಅಳತೆಯ ಟೇಪು ಇನ್ನೂ ನೇತಾಡುತ್ತಿದೆ. ಬಂದವರೇ ಗಂಡನನ್ನು ನೋಡುತ್ತಾರೆ. “ಬಾಗಿಲು ತೆಗೆಯೋಕೆ ನಾನು, ಪ್ರಮಾಣ ಮಾಡೋಕೆ ನೀವು. ಚೆನ್ನಾಗಿದೆ.” ಆಮೇಲೆ ಒಂದೇ ಉಸಿರಿಗೆ ಹೇಳುತ್ತಾರೆ: ಮಗು ಎದ್ದೀತೆಂದು ನಾದಿನಿಯ ಗಂಡ ಚಪ್ಪಲಿ ಕೈಯಲ್ಲಿ ಹಿಡಿದು ಒಳಗೆ ಬಂದದ್ದು, ಆದರೂ ಮಗು ಎದ್ದದ್ದು, ಬೆಳಗಿನವರೆಗೂ ಅವನೂ ತಾವೂ ಸರದಿಯ ಮೇಲೆ ಅದನ್ನು ತೂಗಿದ್ದು. ಅಕ್ಕನ ಬೆರಳುಗಳು ಕೀಲಿಗಳ ಮೇಲೆ ಹಾರುತ್ತವೆ. ಓದು, ಪ್ರಶ್ನೆ, ನೋಟರಿಯ ಮುಂದೆ ಪ್ರಮಾಣ, ಸಹಿ. ಮೂವರೂ ರಸ್ತೆ ದಾಟಿ ಓಡುತ್ತಾರೆ.

ಮಧ್ಯಾಹ್ನ ತಂಗಿ ಬಂದು ಅಕ್ಕನ ಎರಡೂ ಕೈ ಹಿಡಿದುಕೊಳ್ಳುತ್ತಾಳೆ. ನ್ಯಾಯಾಧೀಶರು ಅತ್ತಿಗೆಯನ್ನೇ ಕರೆದು ಕೇಳಿದರಂತೆ. ಮಗು ಯಾಕೆ ಅತ್ತಿತು ಎಂಬುದನ್ನೂ ಬಿಡಲಿಲ್ಲವಂತೆ. ಅತ್ತಿಗೆ ಎಲ್ಲೂ ತಡವರಿಸಲಿಲ್ಲ. ಜಾಮೀನು ಸಿಕ್ಕಿದೆ, ಸಂಜೆಗೆ ಗಂಡ ಮನೆಗೆ.

ಅವಳು ಹೋದ ಮೇಲೆ ಅಕ್ಕ ದನಿ ತಗ್ಗಿಸುತ್ತಾರೆ. “ಇಷ್ಟು ವರ್ಷದಲ್ಲಿ ಈ ಮೇಜಿಂದ ಎದ್ದು ಹೋದವರು ಒಬ್ಬರೂ ಸುಳ್ಳು ಪ್ರಮಾಣಕ್ಕೆ ಸಿಕ್ಕಿಬಿದ್ದಿಲ್ಲ. ಮನೇಲಿ ಯಾರಿಗೂ ಹೇಳಿಲ್ಲ ಇದನ್ನ. ಹೇಳಿದ್ರೆ ಜಂಬ ಅಂತಾರೆ.”