‘ಅವಳ ಅಪ್ಪ ಬಂದಿದ್ದಾರೆ, ಕಳಿಸಲಾ?’

ಸಿನಿಮಾ ಹಾಲ್‌ನಲ್ಲಿ ಫೋನ್ ಆಫ್ ಮಾಡದವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಕಳೆದ ಶನಿವಾರ ಅಂಥವಳೊಬ್ಬಳ ಪಕ್ಕದಲ್ಲೇ ಕೂತಿದ್ದೆ. ಕರೆದುಕೊಂಡು ಹೋದವಳು ನಾನೇ. ಯಾರಿಗೆ ಹೇಳಲಿ?

ಅವಳು ರೇಖಾ. ನಮ್ಮ ಬಿಲ್ಡಿಂಗ್‌ನಲ್ಲೇ ಇರುತ್ತಾಳೆ, ನನ್ನನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಾಳೆ. ಗದಗಿನ ಕಡೆಯವಳು, ಈ ಮರಾಠಿ ಊರಿನ ಖರಾಡಿ ಬಡಾವಣೆಯ ಆಫೀಸೊಂದರಲ್ಲಿ ಕೆಲಸ. ಗಂಡನಿಂದ ದೂರವಾಗಿ, ಆರು ವರ್ಷದ ಮಗಳು ಶ್ರಾವಣಿಯನ್ನು ಒಬ್ಬಳೇ ಸಾಕುತ್ತಿದ್ದಾಳೆ. ಮಗು ತಾಯಿಯ ಹತ್ತಿರವೇ ಇರಲಿ ಎಂದು ಕೋರ್ಟು ಹೇಳಿದೆ. ತಂದೆ ತಿಂಗಳಿಗೊಂದು ಭಾನುವಾರ, ತಾಯಿಯ ಎದುರಿಗೇ ನೋಡಿ ಹೋಗಬಹುದು. ಹೋದ ವರ್ಷ ಹಾಗೆ ಬಂದವನು ಐಸ್‌ಕ್ರೀಮ್ ಕೊಡಿಸುತ್ತೇನೆಂದು ಕರೆದೊಯ್ದ. ಮಗು ಸಿಕ್ಕಿದ್ದು ಸೊಲ್ಲಾಪುರದಲ್ಲಿ, ಪೊಲೀಸರು ಹೋದ ಮೇಲೆ. (ಅಂದಿನಿಂದ ರೇಖಾಳ ಫೋನ್ ಆಫ್ ಆಗಿದ್ದೇ ಇಲ್ಲ.)

ಸಿನಿಮಾದಲ್ಲೂ ಒಬ್ಬ ಒಂಟಿ ತಾಯಿ. ಮಗುವನ್ನು ಎದೆಗೆ ಅವಚಿಕೊಂಡು ಊರೂರು ಅಲೆಯುತ್ತಾಳೆ. ‘ಶ್ರಾವಣಿನ್ನ ಕರಕೊಂಡು ಬಂದ್ರ ಭಾಳ ಹೆದರ್ತಾಳ್ರಿ ವೈನಿ’ ಎಂದು ರೇಖಾ ಮಗಳನ್ನು ಪಕ್ಕದ ಗಲ್ಲಿಯ ಪಾಳಣಾಘರದಲ್ಲಿ ಬಿಟ್ಟು ಬಂದಿದ್ದಳು. ಒಬ್ಬ ಮರಾಠಿ ಕಾಕು ತಮ್ಮ ಮನೆಯಲ್ಲೇ ನಾಲ್ಕಾರು ಮಕ್ಕಳನ್ನು ನೋಡಿಕೊಳ್ಳುವ ಜಾಗ ಅದು.

ಇಂಟರ್ವಲ್‌ಗೆ ಇನ್ನೂ ಹೊತ್ತಿತ್ತು. ಹಾಲ್ ತುಂಬ ಮೂಗೊರೆಸಿಕೊಳ್ಳುವ ಸದ್ದು. ರೇಖಾಳ ಫೋನ್ ಗುಂಯ್ ಎಂದಿತು.

‘ಅಗಂ, ತಿಚೇ ಬಾಬಾ ಆಲೇತ. ಪಾಠವೂ ಕಾ?’ ಕಾಕುವಿನ ದನಿ ನನಗೂ ಕೇಳಿಸಿತು. ಅವಳ ಅಪ್ಪ ಬಂದಿದ್ದಾರೆ, ಕಳಿಸಲಾ?

‘ನಕೋ!’ ಬೇಡವೆಂದು ರೇಖಾ ಕೂಗಿಯೇಬಿಟ್ಟಳು. ಕಾಲ್ ಕಟ್ ಆಯಿತು.

ಎದ್ದು ಓಡಿದೆವು. ‘ಇಷ್ಟು ಇಮೋಷನಲ್ ಸೀನ್ ನಡೆದಿದೆ, ಮ್ಯಾನರ್ಸ್ ಇಲ್ಲವಾ?’ ಎಂದು ಹಿಂದಿನಿಂದ ಯಾರೋ ಗದರಿದರು. ಅವರ ಕೆನ್ನೆ ಒದ್ದೆಯಾಗಿತ್ತು, ಪಾಪ.

ರಿಕ್ಷಾದಲ್ಲಿ ಕೂತು ರೇಖಾ ಮತ್ತೆ ಮತ್ತೆ ಫೋನ್ ಹಚ್ಚಿದಳು. ರಿಂಗ್ ಆಗುತ್ತದೆ, ಯಾರೂ ಎತ್ತುವುದಿಲ್ಲ. ‘ವೈನಿ, ಯಾಕ ಎತ್ತವಲ್ರು? ಕಳಿಸೇಬಿಟ್ರೇನ್ರಿ?’ ಸಿಗ್ನಲ್‌ನಲ್ಲಿ ರಿಕ್ಷಾ ನಿಂತಾಗ ಇಳಿದು ಓಡಲು ಹೊರಟಳು. ಕೈ ಹಿಡಿದು ಕೂರಿಸಿದೆ.

ಪಾಳಣಾಘರದ ಗೇಟಿನ ಮುಂದೆ ಒಂದು ಕಾರು. ಇಂಜಿನ್ ಚಾಲೂ. ಸ್ಟೀರಿಂಗ್ ಹಿಡಿದು ಯಾರೋ ಕೂತಿದ್ದಾನೆ. ಹಿಂದಿನ ಸೀಟಿನಲ್ಲಿ ಒಂದು ಹೊಚ್ಚ ಹೊಸ ಗುಲಾಬಿ ಟ್ರಾಲಿ ಬ್ಯಾಗ್. ಚಿಕ್ಕ ಮಕ್ಕಳದ್ದು.

ಒಳಗೆ ಶ್ರಾವಣಿಯ ಅಪ್ಪ ಸೋಫಾದಲ್ಲಿ ಕೂತು ಚಹಾ ಕುಡಿಯುತ್ತಿದ್ದ. ಇಸ್ತ್ರಿ ಮಾಡಿದ ಅಂಗಿ, ಮೆತ್ತನೆಯ ಮಾತು. ಕಾಕುವಿನ ಫೋನ್ ಅವನ ಕೈಯಲ್ಲಿತ್ತು. ‘ಒಂದು ಕಾಲ್ ಮಾಡಿ ಕೊಡ್ತೀನಿ’ ಎಂದು ಇಸಿದುಕೊಂಡಿದ್ದನಂತೆ. ಮಕ್ಕಳಿದ್ದ ಕೋಣೆಯ ಬಾಗಿಲು ಮುಚ್ಚಿತ್ತು. ಕಾಕು ಅದರ ಮುಂದೆ ಏನೂ ತೋಚದೆ ನಿಂತಿದ್ದರು.

‘ನನ್ನ ಮಗಳನ್ನ ನೋಡಾಕೂ ಪರ್ಮಿಷನ್ ಬೇಕೇನು?’ ಎಂದ. ಕಣ್ಣಲ್ಲಿ ನೀರು ಬೇರೆ.

ಸದ್ದು ಕೇಳಿ ಮೇಲಿನ ಮನೆಯ ಹಿರಿಯರು ಇಳಿದು ಬಂದರು. ‘ಶೇವಟೀ ಬಾಪ್ ಆಹೇ ತೋ’ ಎಂದರು. ಎಷ್ಟೆಂದರೂ ತಂದೆಯಲ್ಲವೇ! ತಮ್ಮ ಮಗುವನ್ನು ಕರೆದೊಯ್ಯಲು ಬಂದಿದ್ದ ಹೆಂಗಸೊಬ್ಬರು ರೇಖಾಳ ಭುಜ ಮುಟ್ಟಿ, ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಮ್ಮ ಎಂದರು.

ರೇಖಾ ಕಿರುಚಲಿಲ್ಲ. ಒಂದು ಕುರ್ಚಿ ಎಳೆದುಕೊಂಡು ಹೋಗಿ ಕೋಣೆಯ ಬಾಗಿಲಿಗೆ ಬೆನ್ನು ಹಚ್ಚಿ ಕೂತಳು. ‘ಬರೇ ಭೆಟ್ಟಿಗೆ ಬಂದಾವ್ರು ಗಾಡಿ ಯಾಕ ಚಾಲೂ ಇಟ್ಟೀರಿ? ಆ ಬ್ಯಾಗ್ ಯಾರದು?’

ಅವನು ಇನ್ನೊಂದು ಗುಟುಕು ಚಹಾ ಹೀರಿದ. ಕಾಕು ಹೊರಗೆ ಹೋಗಿ ನೋಡಿ ಬಂದರು. ಸೀದಾ ಅವನ ಕೈಯಿಂದ ತಮ್ಮ ಫೋನ್ ಕಸಿದುಕೊಂಡು ಪೊಲೀಸರಿಗೆ ಹಚ್ಚಿದರು. ಅವನು ಕಪ್ಪು ಕೆಳಗಿಟ್ಟು ಎದ್ದ. ‘ಎಷ್ಟು ದಿನಾ ಹಿಂಗ ಕಾಯ್ತಿ, ನಾನೂ ನೋಡ್ತೀನಿ’ ಎಂದು ರೇಖಾಳಿಗೂ ಪಕ್ಕದಲ್ಲಿದ್ದ ನನಗೂ ಮಾತ್ರ ಕೇಳುವಂತೆ ಹೇಳಿ ಹೋದ.

ಬಾಗಿಲು ತೆಗೆದೆವು. ಉಳಿದ ಮಕ್ಕಳು ಕಾರ್ಟೂನ್ ನೋಡುತ್ತಿದ್ದವು. ಶ್ರಾವಣಿ ಪರದೆಯ ಹಿಂದೆ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದಳು. ‘ಮಮ್ಮಿ, ನಾ ಉಸುರು ಸೈತ ಮಾಡಲಿಲ್ಲ’ ಎಂದಳು, ಶಾಲೆಯಲ್ಲಿ ಬಹುಮಾನ ಬಂದವಳಂತೆ.

ಆರು ವರ್ಷದ ಮಗುವಿಗೆ ಬರಬೇಕಾದ ವಿದ್ಯೆಯೇ ಅದು?

ಅಂದಿನಿಂದ ಯೋಚಿಸುತ್ತಿದ್ದೇನೆ. ಹಾಲ್‌ನಲ್ಲಿ ಅಷ್ಟು ಜನ ಅತ್ತರಲ್ಲ, ಒಬ್ಬರಾದರೂ ತೆರೆಯ ಮೇಲಿನ ಆ ತಾಯಿಗೆ ಅಡ್ಜಸ್ಟ್ ಮಾಡಿಕೋ ಎಂದರೇ? ಇಲ್ಲ. ಸಿನಿಮಾದಲ್ಲಿ ಕೆಟ್ಟವನು ಬರುವಾಗ ಮ್ಯೂಸಿಕ್ ಬದಲಾಗುತ್ತದೆ, ನಮಗೆ ಗೊತ್ತಾಗಿಬಿಡುತ್ತದೆ. ನಮ್ಮ ಗಲ್ಲಿಗಳಲ್ಲಿ ಅವನು ನಮಸ್ಕಾರ ಹೇಳಿ, ಸಕ್ಕರೆ ಕಮ್ಮಿ ಹಾಕಿ ಎಂದು ಚಹಾ ಕೇಳುತ್ತಾನೆ.

ಪೊಲೀಸರು ಬಂದು ದೂರು ಬರೆದುಕೊಂಡರು. ಕೋರ್ಟಿಗೆ ತಿಳಿಸೋಣ ಎಂದು ವಕೀಲರು ಧೈರ್ಯ ಹೇಳಿದ್ದಾರೆ. ಭಾನುವಾರ ಇಡೀ ದಿನ ರೇಖಾ ಬಾಗಿಲ ಚಿಲಕ ತೆಗೆಯಲಿಲ್ಲ. ಹಾಲಿನವನಿಗೂ ಕಿಟಕಿಯಿಂದಲೇ ಮಾತು.

ಸೋಮವಾರ ಆಫೀಸು ಇತ್ತು. ಶಾಲೆ ಬಿಟ್ಟ ಮೇಲೆ ಶ್ರಾವಣಿ ಮತ್ತೆ ಅದೇ ಪಾಳಣಾಘರಕ್ಕೇ ಹೋದಳು.

ಇನ್ನೆಲ್ಲಿಗೆ ಕಳಿಸಬೇಕಿತ್ತು, ನೀವೇ ಹೇಳಿ?