ಹೊಸ್ತಿಲೊಳಗಿನ ಕಲ್ಲು

ನಂಬಿ ಎಂದು ನಾನು ಯಾರ ಕಾಲೂ ಹಿಡಿಯುವುದಿಲ್ಲ. ಮೂಡಿಗೆರೆಯಲ್ಲಿ ಇಪ್ಪತ್ತು ವರ್ಷದಿಂದ ಮರಗೆಲಸ ಮಾಡುತ್ತಿದ್ದೇನೆ. ಮರ ಒಣಗುವಾಗ ಚಟಚಟ ಅನ್ನುವುದು ನನಗೂ ಗೊತ್ತು. ಅವತ್ತು ಕೇಳಿದ್ದು ಅದಲ್ಲ...

ಬಾಳೂರಿನ ಗೌಡರೊಬ್ಬರು ಎಸ್ಟೇಟಿನಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದರು. ತೋಟದ ಮರ ಕಡಿಯುವ ಪರ್ಮಿಷನ್ನಿಗೆ ಅಲೆದು ಸಾಕಾಗಿ, ಮಂಗಳೂರಿನಿಂದ ಇರೋಕೊ ಎಂಬ ಆಫ್ರಿಕಾದ ಮರ ತರಿಸಿದರು. ನಮ್ಮ ಕಾಡು ಉಳಿಯಿತಲ್ಲ ಎಂದು ಅವರಿಗೆ ಸಮಾಧಾನ. ಯಾರ ಕಾಡು ಹೋಯಿತೆಂದು ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ನಮ್ಮಲ್ಲಿ ದೊಡ್ಡ ಮರಕ್ಕೆ ಕೊಡಲಿ ಹಾಕುವ ಮೊದಲು ಬುಡದಲ್ಲಿ ಎಲೆ-ಅಡಿಕೆ ಇಟ್ಟು, ಇಲ್ಲಿರುವವರು ಬೇರೆ ಮರ ನೋಡಿಕೊಳ್ಳಿ ಎಂದು ಕೈ ಮುಗಿಯುತ್ತೇವೆ. ನನಗೆ ಉಳಿ ಹಿಡಿಯಲು ಕಲಿಸಿದ ಸೋದರಮಾವ ದಿಮ್ಮಿ ಸವರಿ ನೋಡಿದರು.

"ಇದನ್ನ ಯಾರು ಕೇಳಿ ಕಡಿದ್ರು ಮಾರಾಯ?"

"ಬಿಲ್ ಇದ್ಯಲ್ಲ ಮಾವ, ಸಾಕು ಬಿಡಿ," ಎಂದು ನಕ್ಕೆ.

ಹೊಸ್ತಿಲು ಕೆತ್ತುವಾಗ ಉಳಿ ಠಣ್ ಎಂದಿತು. ಮರದ ಹೊಟ್ಟೆಯೊಳಗೆ ಕೋಳಿಮೊಟ್ಟೆಯಷ್ಟು ದೊಡ್ಡ ಕಲ್ಲು! ಸುತ್ತ ಒಂದು ಬಿರುಕೂ ಇರಲಿಲ್ಲ. ಅದನ್ನು ಕಿತ್ತು ಚೀಲಕ್ಕೆ ಹಾಕಿಕೊಂಡೆ.

ಮರುದಿನ ಬೆಳಗ್ಗೆ ಬಾಗಿಲು ನಿಲ್ಲಿಸುವ ಪೂಜೆ. ಹೊಸ್ತಿಲಿಗೆ ಅರಿಸಿನ ಹಚ್ಚುವವರು ಗೌಡರ ಸೊಸೆ. ಎರಡು ಸಲ ಬಸಿರು ನಿಲ್ಲದೆ ಬಡವಾಗಿದ್ದ ಹೆಣ್ಣುಮಗಳು. "ಈ ಮನೇಲಾದ್ರೂ ಒಂದು ಮಗು ಆಡ್ಲಿ ಆಚಾರ್ರೇ," ಎಂದು ಸಂಜೆಯಷ್ಟೇ ಹೇಳಿ ಹೋಗಿದ್ದರು.

ಆ ರಾತ್ರಿ ಮಾವ, ನಾನು ಹೊಸ್ತಿಲು ಇಟ್ಟಿದ್ದ ಕೆಲಸದ ಶೆಡ್ಡಿನಲ್ಲೇ ಉಳಿದೆವು. ಕರೆಂಟು ಹೋಯಿತು. ಮರದ ಪುಡಿಯ ಘಾಟಿಗೆ ಗಂಟಲು ಉರಿಯುತ್ತಿತ್ತು. ಜೀರುಂಡೆಗಳು ಒಮ್ಮೆಲೇ ನಿಂತವು...

ಟಕ್... ಟಕ್... ಟಕ್.

ಮಾವ ಹೊಸ್ತಿಲ ಮೇಲೆ ಕೈಯಿಟ್ಟರು. "ಒಳಗಿಂದ ಕಣೋ," ಎಂದು ಪಿಸುಗುಟ್ಟಿದರು.

ಮತ್ತೆ ಮೂರು ಸಲ. ಸೊಸೆಯ ಮುಖ ನೆನಪಾಯಿತು. ಅವರ ಮನೆಗೆ ನಾನು ಏನನ್ನು ತಂದಿಡುತ್ತಿದ್ದೇನೆ?

"ಅದ್ರದ್ದು ಅದಕ್ಕೇ ಕೊಟ್ಬಿಡು," ಎಂದರು ಮಾವ.

ಚೀಲಕ್ಕೆ ಕೈ ಹಾಕಿದೆ. ಕಲ್ಲು ಬೆಚ್ಚಗಿತ್ತು. ಅದನ್ನು ಹೊಸ್ತಿಲಿನ ಅದೇ ಗುಳಿಯಲ್ಲಿಟ್ಟು, ಮೇಲೊಂದು ಮರದ ತುಂಡು ಬಡಿದು, ಗೋಂದು ಹಾಕಿ ಮುಚ್ಚಿದೆ. ಸದ್ದು ನಿಂತಿತು. ಬೆಳಗ್ಗೆ ಪೂಜೆ ನಡೆಯಿತು. ಕಲ್ಲಿನ ವಿಷಯ ನಾವಿಬ್ಬರೂ ಯಾರಿಗೂ ಹೇಳಲಿಲ್ಲ.

ವರ್ಷ ತುಂಬುವುದರೊಳಗೆ ಆ ಮನೆಯಲ್ಲಿ ಹೆಣ್ಣು ಮಗು ಹುಟ್ಟಿತು. ಒಳ್ಳೆಯದೇ ಆಯಿತೆಂದು ನೆಮ್ಮದಿಯಾಗಿದ್ದೆ. ಆಮೇಲೊಮ್ಮೆ ಮಂಗಳೂರಿನ ಟಿಂಬರ್ ಡಿಪೋದಲ್ಲಿ ಲೆಕ್ಕ ಬರೆಯುವ ರೈಟರು ಮಾತಿಗೆ ಹೇಳಿದರು: "ಆ ಆಫ್ರಿಕಾದ ಮರದಲ್ಲಿ ಒಬ್ಬ ಇರ್ತಾನಂತೆ. ಅಲ್ಲಿಯವ್ರೂ ಕೇಳ್ಕೊಂಡೇ ಕಡಿಯೋದಂತೆ."

ಹೋದ ತಿಂಗಳು ಚಿಲಕ ಸರಿಮಾಡಲು ಹೋಗಿದ್ದೆ. ಮುಚ್ಚಂಜೆ ಹೊತ್ತು. ಮೂರು ವರ್ಷದ ಆ ಮಗು ಹೊಸ್ತಿಲ ಪಕ್ಕ ಕೂತು ಮೂರು ಸಲ ತಟ್ಟಿ, ಮರಕ್ಕೆ ಕಿವಿಯಿಟ್ಟಿತು.

"ಯಾರು ಪುಟ್ಟಿ ಅಲ್ಲಿ?"

ಮಗು ನನ್ನನ್ನೇ ನೋಡಿತು.

"ಅವನನ್ನ ಮುಚ್ಚಿಟ್ಟಿದ್ದು ನೀನೇ ಅಂತೆ."

ಚಿಲಕ ಹಾಕದೆ ಬಂದುಬಿಟ್ಟೆ. ಗೌಡರು ಇವತ್ತಿಗೂ ಫೋನ್ ಮಾಡುತ್ತಾರೆ... ನಾನು ಎತ್ತುವುದಿಲ್ಲ.